ಬಾಗಿಲು ಯಾವ ಕಡೆ?

ನಮ್ಮ ಅತ್ತಿಗೆಗೆ ದಾರಿ ತಿಳಿಯುವುದಿಲ್ಲ. ನಾದಿನಿಯ ಬಾಯಿ ಎಂದು ಮೂಗು ಮುರಿಯಬೇಡಿ, ಬೇಕಾದರೆ ಅಣ್ಣನನ್ನೇ ಕೇಳಿ. ಅಂಗಡಿಗೆ ಹೋಗಿ ಒಂದು ಸೋಪು ಕೊಂಡು ಹೊರಗೆ ಬಂದರೆ ಸಾಕು, ಬಂದದ್ದು ಯಾವ ಕಡೆಯಿಂದ, ಹೋಗಬೇಕಾದದ್ದು ಯಾವ ಕಡೆಗೆ ಎಂದು ಆಕೆಗೆ ಗೊತ್ತಾಗುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಸಂಜೆ ನಮ್ಮ ಮನೆಯೆಂದುಕೊಂಡು ಪಕ್ಕದ ಮನೆಯ ಗೇಟು ತೆಗೆದು, ಸೀದಾ ಅವರ ಅಡುಗೆಮನೆಗೆ ಹೋಗಿ, ನೀರು ಕುಡಿದು, ಲೋಟ ತೊಳೆದಿಟ್ಟು ಬಂದಿದ್ದಳು. ಇಂಥವಳಿಗೆ ಊರಿನ ನಕ್ಷೆ ಮಾಡುವ ಕೆಲಸ ಸಿಕ್ಕಿದೆ ಎಂದು ಅಣ್ಣ ಹೇಳಿದಾಗ ನಾನು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ನಕ್ಕಿದ್ದೆ.

"ನಗು ನಗು," ಎಂದಿದ್ದಳು ಅತ್ತಿಗೆ. "ಮೇಲಿಂದ ನೋಡಿದ್ರೆ ನಂಗೆ ಒಂದು ಗಲ್ಲೀನೂ ತಪ್ಪಲ್ಲ. ಕೆಳಗಿಳಿದಾಗ್ಲೇ ಕಣೆ ತಲೆ ತಿರುಗೋದು."

ಆಕೆಯ ಕಚೇರಿ ಪುರಸಭೆಯ ಮಹಡಿಯಲ್ಲಿ, ಹಿಂದೆ ಮುರಿದ ಕುರ್ಚಿಗಳನ್ನು ಒಟ್ಟುತ್ತಿದ್ದ ಕೋಣೆಯಲ್ಲಿ. ಬಿರುಗಾಳಿಯೋ ನೆರೆಯೋ ಬಂದರೆ ಊರಿನವರ ಕರೆಗಳೆಲ್ಲ ಆ ಕೋಣೆಗೇ ಬರಬೇಕು. ಎರಡು ಕಂಪ್ಯೂಟರು, ಗೋಡೆಯ ಮೇಲೊಂದು ದೊಡ್ಡ ಪರದೆ, ಒಂದು ವೈರ್‌ಲೆಸ್ ಸೆಟ್ಟು, ಸರಿಯಾಗಿ ಮುಚ್ಚದ ಕಿಟಕಿಗೆ ತುರುಕಿದ ಹಳೇ ಪತ್ರಿಕೆ. ಮಳೆಯಿಲ್ಲದ ದಿನಗಳಲ್ಲಿ ಅತ್ತಿಗೆ ಅಲ್ಲಿ ಕೂತು ಉಪಗ್ರಹ ತೆಗೆದ ಚಿತ್ರದ ಮೇಲೆ ಒಂದೊಂದೇ ಚಾವಣಿಯ ಸುತ್ತ ಗೆರೆ ಎಳೆಯುತ್ತಾಳೆ, ನಡುವೆ ಒಂದು ಚುಕ್ಕಿ ಇಡುತ್ತಾಳೆ. ಆ ಚುಕ್ಕಿಯೇ ಆ ಮನೆ. ಆಂಬುಲೆನ್ಸಾಗಲಿ ಅಗ್ನಿಶಾಮಕ ದಳದ ಗಾಡಿಯಾಗಲಿ ಆ ಚುಕ್ಕಿಯನ್ನು ಹಿಡಿದು ಹೊರಡುತ್ತದೆ, ಅದಕ್ಕೆ ಎಲ್ಲಕ್ಕಿಂತ ಹತ್ತಿರದ ರಸ್ತೆಯಲ್ಲಿ ಹೋಗಿ ನಿಲ್ಲುತ್ತದೆ. ಕೇಳಲು ಎಷ್ಟು ಚೆನ್ನಾಗಿದೆ, ಅಲ್ಲವೇ? ನಮಗೂ ಹಾಗೇ ಅನ್ನಿಸಿತ್ತು.

ಆದರೆ ನಮ್ಮ ಮನೆಯ ಬಾಗಿಲು ಇರುವುದು ದೊಡ್ಡ ಬೀದಿಗೆ, ಚಾವಣಿಯ ನಡುಮಧ್ಯ ಹತ್ತಿರವಾಗುವುದು ಹಿಂದಿನ ಗಲ್ಲಿಗೆ. ಅಲ್ಲಿ ನಮ್ಮದು ಬರೀ ಗೋಡೆ. ಹಾಗಾಗಿ ಅದೇ ನಕ್ಷೆ ನೋಡಿಕೊಂಡು ಪಾರ್ಸೆಲ್ ತರುವವರೆಲ್ಲ ಬಂದು ಆ ಗೋಡೆಯ ಮುಂದೆ ನಿಂತು, "ಮೇಡಂ, ಬಾಗಿಲು ತೆಗೀರಿ," ಎಂದು ಕೂಗುವುದು. ನಮ್ಮಮ್ಮನಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಒಂದು ಬಕೆಟ್ಟಿಗೆ ಹಗ್ಗ ಕಟ್ಟಿ ಮಹಡಿಯ ಮೇಲಿಟ್ಟುಕೊಂಡಳು. ಪಾರ್ಸೆಲ್ ಬಂದರೆ ಬಕೆಟ್ ಇಳಿಸುವುದು, "ಹಾಕಪ್ಪಾ" ಎನ್ನುವುದು, ಎಳೆದುಕೊಳ್ಳುವುದು. ನನ್ನ ಗುಂಡಿ, ನೂಲು, ಲೈನಿಂಗ್ ಬಟ್ಟೆ ಎಲ್ಲ ಹಾಗೆಯೇ ಒಳಗೆ ಬರುತ್ತಿದ್ದವು. ಅತ್ತಿಗೆಯನ್ನು ರೇಗಿಸಲು ನಮಗೆ ಅದೊಂದು ಸಾಕಾಗಿತ್ತು.

ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಆ ನಗೆ ನಿಂತಿತು. ಪಕ್ಕದ ಮನೆಯ ಗಡಿಯಾರ ರಿಪೇರಿ ತಾತನಿಗೆ ಧಾರಾಕಾರ ಮಳೆಯ ಮಧ್ಯೆ ಎದೆನೋವು ಬಂತು. ನಾವೆಲ್ಲ ದೊಡ್ಡ ಬೀದಿಯಲ್ಲಿ ಛತ್ರಿ ಹಿಡಿದು ಕಾಯುತ್ತಿದ್ದರೆ ಆಂಬುಲೆನ್ಸಿನ ಸೈರನ್ನು ಹಿಂದಿನ ಗಲ್ಲಿಯಲ್ಲಿ ಕೇಳುತ್ತಿದೆ! ಬೀದಿಯ ತುದಿಯಲ್ಲಿ ನೀರು ನಿಂತು, ಗಾಡಿ ಸುತ್ತಿ ಬರುವ ಹಾಗಿರಲಿಲ್ಲ. ಕೊನೆಗೆ ಏಣಿ ಹಾಕಿ ತಾತನನ್ನು ಗೋಡೆ ದಾಟಿಸಿದರು. ತಾತ ಉಳಿದುಕೊಂಡ, ಇವತ್ತಿಗೂ ಗೋಡೆಯ ಮೊಳೆಗೆ ಅಂಗಿ ಹರಿಯಿತು ಎಂದು ಬೈಯುತ್ತಿರುತ್ತಾನೆ. ಆದರೆ ಅತ್ತಿಗೆ ಮಳೆಯಲ್ಲಿ ನೆನೆಯುತ್ತ, ಆ ಗೋಡೆಯನ್ನೇ ನೋಡುತ್ತ ನಿಂತುಬಿಟ್ಟಿದ್ದಳು.

"ನಾನಿಟ್ಟಿದ್ದ ಚುಕ್ಕಿ ಇದು," ಎಂದಳು. "ನಾನು ಮನೆ ತೋರಿಸಿದೀನಿ ಕಣೆ, ಬಾಗಿಲು ತೋರಿಸಿಲ್ಲ."

ಮರುದಿನವೇ ಆಕೆ ಮೇಲಧಿಕಾರಿಗಳ ಮುಂದೆ ನಿಂತಳಂತೆ. ಪ್ರತಿ ಮನೆಯ ಬಾಗಿಲನ್ನೂ ನಕ್ಷೆಯಲ್ಲಿ ಗುರುತು ಮಾಡಬೇಕು, ಮೊದಲು ಕಾಲುವೆಯ ಪಕ್ಕದ ತಗ್ಗಿನ ಬಡಾವಣೆಯಿಂದ ಶುರು ಮಾಡೋಣ ಎಂದಳಂತೆ. ಅವರು ಒಳ್ಳೆಯವರೇ, ಆದರೆ ಕೈಕೆಳಗೆ ಜನರಿರಲಿಲ್ಲ. "ಬಾಗಿಲು ಆಕಾಶದಿಂದ ಕಾಣಲ್ಲಮ್ಮ. ಮನೆಮನೆಗೆ ಹೋಗಿ ಕೇಳೋರು ಯಾರು?" ಎಂದರಂತೆ. ಅತ್ತಿಗೆಯ ಹಟ ನಿಮಗೆ ಗೊತ್ತಿಲ್ಲ. ಸಂಜೆ ಮನೆಗೆ ಬಂದವಳೇ ಅಮ್ಮನ ಮುಂದೆ ಕೂತಳು.

"ಅತ್ತೆ, ನಿಮಗೆ ಆ ಬಡಾವಣೇಲಿ ಯಾರ್ಯಾರು ಗೊತ್ತು?"

"ಯಾರು ಗೊತ್ತಿಲ್ಲ ಅಂತ ಕೇಳು. ನಾನು ಹುಟ್ಟಿ ಬೆಳೆದಿದ್ದೇ ಅಲ್ಲಿ," ಎಂದಳು ಅಮ್ಮ.

ಅದು ಮಾತ್ರ ನಿಜ. ಯಾರ ಮಗಳು ಯಾವ ಬಾಗಿಲಿಂದ ಹೊರಗೆ ಹೋಗಿ ಯಾವ ಬಾಗಿಲಿಂದ ಒಳಗೆ ಬರುತ್ತಾಳೆ ಎಂಬುದನ್ನೆಲ್ಲ ಜೀವಮಾನವಿಡೀ ಗಮನಿಸಿದ ಹೆಂಗಸು ನಮ್ಮಮ್ಮ. ಆ ಚಾಳಿ ಇಷ್ಟು ದಿನಕ್ಕೆ ಉಪಯೋಗಕ್ಕೆ ಬಂತು. ಮಧ್ಯಾಹ್ನ ಊಟ ಮುಗಿಸಿ, ಕನ್ನಡಕ ಏರಿಸಿಕೊಂಡು, ಅಮ್ಮ ಫೋನು ಹಿಡಿದು ಕೂತರೆ ದೊರೆಸಾನಿ ದರ್ಬಾರಿಗೆ ಬಂದ ಹಾಗೆ. ಎದುರು ನಾನು ಹೊಲಿಗೆ ಮಾಡುತ್ತ ಕೇಳುವುದು, ಸಂಜೆ ಅತ್ತಿಗೆ ಬಂದು ಒಂದೊಂದು ಬಾಗಿಲಿಗೂ ಒಂದು ನೀಲಿ ಗುರುತು ಇಡುವುದು.

ಜನ ಸುಮ್ಮನೆ ಹೇಳುತ್ತಾರೆಯೇ? "ಬಾಗಿಲು ಯಾವ ಕಡೆ ಅಂತ ನಿಮಗ್ಯಾಕೆ? ಕದಿಯೋಕೆ ಬರ್ತೀರಾ?" ಎಂದು ದಿಬ್ಬದ ರಸ್ತೆಯ ಒಬ್ಬಾಕೆ ಅಮ್ಮನಿಗೇ ಗದರಿದಳು. ಅಮ್ಮ ಬಿಡುವವಳೇ? "ನಿಮ್ಮನೇಲಿ ಕದಿಯೋಕೆ ಏನಿದೆ ತಾಯಿ, ಆ ಹಳೇ ಸೋಫಾನೇ?" ಎಂದಳು. ಆ ಕಡೆ ಮೂರು ನಿಮಿಷ ಬೈಗುಳ. ಆಮೇಲೆ ಮಾತಿಗೆ ಮಾತು ಬೆಳೆದು, ತನ್ನದು ಸಾಮಾನ್ಯ ಮನೆಯಲ್ಲ, ದಿಬ್ಬದ ರಸ್ತೆಗೊಂದು, ಹಿಂದಿನ ಗಲ್ಲಿಗೊಂದು ಎಂದು ಎರಡೆರಡು ಬಾಗಿಲಿವೆ ಎಂದು ಆಕೆ ಜಂಬ ಕೊಚ್ಚಿಕೊಂಡಳು. "ಎರಡನ್ನೂ ಹಾಕಮ್ಮ," ಎಂದಳು ಅಮ್ಮ ಸಂಜೆ ಅತ್ತಿಗೆಗೆ. ಆ ಹೆಂಗಸಿಗೆ ಸಂಶಯದಮ್ಮ ಎಂದು ಹೆಸರಿಟ್ಟಳು.

ಇಡೀ ಬಡಾವಣೆಯಲ್ಲಿ ಅಮ್ಮ ಫೋನು ಮಾಡದೆ ಬಿಟ್ಟದ್ದು ಒಂದೇ ಮನೆಗೆ. ಅದು ಅವಳ ಸ್ವಂತ ಅಕ್ಕನ ಮನೆ.

ದೊಡ್ಡಮ್ಮ ಮದುವೆಯಾಗದೆ, ಕಾಲುವೆ ಬೀದಿಯ ಅಮ್ಮನ ತವರುಮನೆಯಲ್ಲೇ ಉಳಿದು, ಮುಂದಿನ ಕೋಣೆಯಲ್ಲಿ ಟೈಪಿಂಗ್ ಶಾಲೆ ನಡೆಸಿದವಳು. ಊರಿನ ಅರ್ಧ ಗುಮಾಸ್ತರು ಅವಳ ಕೈಯಲ್ಲಿ ಬೆರಳಿಗೆ ಏಟು ತಿಂದವರು. ಅಮ್ಮನಿಗೂ ಅವಳಿಗೂ ಮಾತು ಬಿಟ್ಟುಹೋದದ್ದು ನನ್ನ ಹೊಲಿಗೆಯಿಂದ. ದೊಡ್ಡಮ್ಮನಿಗೆ ನಾನು ಪ್ರೀತಿಯಿಂದ ಒಂದು ಉಣ್ಣೆಯ ಕೋಟು ಹೊಲಿದುಕೊಟ್ಟಿದ್ದೆ. ಅವಳು ಅದನ್ನು ಒಂದು ಮದುವೆಗೆ ಹಾಕಿಕೊಂಡು ಬಂದು, ಅಷ್ಟು ಜನರ ಮುಂದೆ, "ಕಂಕುಳಲ್ಲಿ ಹಿಡಿಯುತ್ತೆ, ಹೊಲಿದೋಳು ಕಣ್ಣು ಎಲ್ಲಿಟ್ಕೊಂಡಿದ್ಲೋ," ಎಂದಳು. ಅಮ್ಮ ಉರಿದುಬಿದ್ದಳು. "ಕೋಟು ಬಿಗಿ ಆಗಿಲ್ಲ, ನಿನ್ನ ತೋಳು ದಪ್ಪ ಆಗಿದೆ," ಎಂದಳು. ಮುಗಿಯಿತು. ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡದೆ ವರ್ಷಗಳೇ ಕಳೆದವು. ಕೋಟು ಬಿಗಿಯಿರಲಿಲ್ಲ, ಅದನ್ನು ನಾನು ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ.

ಆ ಹೊತ್ತಿಗೆ ದೊಡ್ಡಮ್ಮನಿಗೆ ಉಸಿರಾಟದ ತೊಂದರೆ ಜಾಸ್ತಿಯಾಗಿ, ಮನೆಯಲ್ಲೇ ಆಕ್ಸಿಜನ್ ಯಂತ್ರ ಇಟ್ಟುಕೊಂಡಿದ್ದಾಳೆ ಎಂದು ಆರೋಗ್ಯ ಕೇಂದ್ರದ ನರ್ಸಿನಿಂದ ತಿಳಿದಿತ್ತು. ಕರೆಂಟು ಹೋದರೆ ಜೀವಕ್ಕೆ ಅಪಾಯವಿರುವ ಮನೆಗಳಿಗೆ ಅತ್ತಿಗೆ ಕೆಂಪು ಚುಕ್ಕಿ ಇಡುತ್ತಿದ್ದಳು. ದೊಡ್ಡಮ್ಮನ ಮನೆಗೂ ಇಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅತ್ತೆ, ದೊಡ್ಡತ್ತೆ ಮನೆ ಬಾಗಿಲು? ನಾನೇ ಒಂದು ಫೋನ್ ಮಾಡಿ ಕೇಳ್ಲಾ?"

"ಅವಳನ್ನ ಕೇಳೋದೇನು?" ಎಂದು ಅಮ್ಮನ ಮುಖ ಕೆಂಪಾಯಿತು. "ನಾನು ಅಂಬೆಗಾಲಿಟ್ಟು ಹೊರಗೆ ಬಂದ ಬಾಗಿಲು ಅದು. ಕಾಲುವೆ ಬೀದಿಗೆ, ಸರಿಯಾಗಿ ಮಧ್ಯಕ್ಕೆ. ಪಕ್ಕದಲ್ಲಿ ದೀಪ ನೇತುಹಾಕೋ ಕೊಕ್ಕೆ. ಬಾಗಿಲೇನು ಎದ್ದು ನಡ್ಕೊಂಡು ಹೋಗುತ್ತಾ?"

ಅತ್ತಿಗೆ ನನ್ನ ಮುಖ ನೋಡಿದಳು. ಸುಮ್ಮನೆ ಯಾಕೆ ಕೆಣಕುವುದು ಎಂದು ನಾನು ಕಣ್ಣಿನಲ್ಲೇ ಹೇಳಿದೆ. ನೀಲಿ ಗುರುತು ಕಾಲುವೆ ಬೀದಿಯ ಕಡೆಗೆ ಬಿತ್ತು.

ಮರುವರ್ಷ ಬಿರುಗಾಳಿ ಬಂದದ್ದು ಬೆಳಗಿನ ತಿಂಡಿಯ ಹೊತ್ತಿಗೆ. ಗಾಳಿಯೆಂದರೆ ಎಂಥ ಗಾಳಿ! ನಮ್ಮ ಬಕೆಟ್ಟು ಹಗ್ಗ ಸಮೇತ ಹಾರಿಹೋಗಿ ಎಲ್ಲಿ ಬಿತ್ತೋ ದೇವರೇ ಬಲ್ಲ. ಅಣ್ಣ ತಾನು ಕೆಲಸ ಮಾಡುವ ಬ್ರೆಡ್ ಕಾರ್ಖಾನೆಯಲ್ಲೇ ಸಿಕ್ಕಿಹಾಕಿಕೊಂಡಿದ್ದ. ಅತ್ತಿಗೆ ನಸುಕಿನಲ್ಲೇ ಕಚೇರಿ ಸೇರಿದ್ದಳು. ಕರೆಗಳನ್ನು ತೆಗೆದುಕೊಳ್ಳಲು ಜನ ಸಾಲದು, ಬರುತ್ತೀರಾ ಎಂದು ಫೋನು ಮಾಡಿದಾಗ ಅಮ್ಮ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದಳು. ಪುರಸಭೆಯ ಜೀಪು ಬಂದು ನಮ್ಮನ್ನು ಕರೆದೊಯ್ದಿತು. ಮುಂದಿನ ಬಾಗಿಲಿಗೇ ಬಂತು ಎಂಬುದನ್ನೂ ಹೇಳಿಬಿಡುತ್ತೇನೆ.

ಕೆಳಗಿನ ಸಭಾಂಗಣದಲ್ಲಿ ಜನರೇಟರ್ ಹಾಕಿ, ಮನೆ ಬಿಟ್ಟು ಬಂದವರಿಗೆ ಚಾಪೆ ಹಾಸಿದ್ದರು. ಮೇಲೆ ಆ ಕೋಣೆಯಲ್ಲಿ ಫೋನುಗಳು ಒಂದರ ಮೇಲೊಂದು ಬಡಿದುಕೊಳ್ಳುತ್ತಿದ್ದವು. ಮೇಲಧಿಕಾರಿಗಳೇ ವೈರ್‌ಲೆಸ್ ಹಿಡಿದು ಕೂತಿದ್ದರು. ಅಮ್ಮ ಒಂದು ಫೋನಿಗೆ, ನಾನು ಒಂದಕ್ಕೆ. ಅತ್ತಿಗೆ ಮಾತ್ರ ಬೇರೆಯೇ ಹೆಂಗಸಾಗಿದ್ದಳು. ಕೂದಲನ್ನು ಎತ್ತಿ ಗಂಟು ಹಾಕಿ, ಪರದೆಯಿಂದ ಕಣ್ಣು ಕೀಳದೆ, "ಆ ರಸ್ತೆ ಬೇಡ, ನೀರಿದೆ. ಎರಡನೇ ತಿರುವು. ಬಾಗಿಲು ಬಲಗಡೆ, ಮೆಟ್ಟಿಲು ಹತ್ತಿ," ಎಂದು ಒಬ್ಬೊಬ್ಬರನ್ನೂ ಕೈಹಿಡಿದು ನಡೆಸುತ್ತಿದ್ದಳು. ಬಾಣಂತಿಯೊಬ್ಬಳನ್ನು ತಂದರು. ಕಣ್ಣು ಕಾಣದ ಗಂಡಹೆಂಡಿರನ್ನು ತಂದರು. ಒಂದು ಗಾಡಿಯೂ ಗೋಡೆಯ ಮುಂದೆ ಹೋಗಿ ನಿಲ್ಲಲಿಲ್ಲ. ಸೋಪು ಕೊಂಡು ದಾರಿ ತಪ್ಪುವ ನನ್ನ ಅತ್ತಿಗೆ ಇವಳೇನಾ ಎಂದು ನನಗೆ ಹೆಮ್ಮೆಯಾಯಿತು.

ಅಷ್ಟರಲ್ಲಿ ಕಾಲುವೆ ಒಡ್ಡು ಮೀರಿತು, ತಗ್ಗಿನ ಬಡಾವಣೆಯ ಕರೆಂಟು ಹೋಯಿತು. ಪರದೆಯ ಮೇಲಿನ ಕೆಂಪು ಚುಕ್ಕಿಗಳನ್ನು ಒಂದೊಂದಾಗಿ ನೋಡಿಕೊಳ್ಳುತ್ತ ಬಂದ ಅತ್ತಿಗೆ ದೊಡ್ಡಮ್ಮನ ಮನೆಗೆ ಬಂದಳು. ಯಂತ್ರಕ್ಕೆ ಬ್ಯಾಟರಿ ಇದೆ, ಆದರೆ ಅದು ಹೆಚ್ಚು ಹೊತ್ತು ಬರುವುದಿಲ್ಲ ಎಂದು ನರ್ಸು ಮೊದಲೇ ಎಚ್ಚರಿಸಿದ್ದಳು. ಕಾಲುವೆ ಬೀದಿಯಲ್ಲಿ ಎದೆಮಟ್ಟ ನೀರು, ಗಾಡಿ ಹೋಗುವಂತಿಲ್ಲ. ಅಗ್ನಿಶಾಮಕ ದಳದ ದೋಣಿಯನ್ನೇ ಕಳಿಸಿದರು. ದೋಣಿಯ ಮುಖ್ಯಸ್ಥನನ್ನು ಎಲ್ಲರೂ ಕರೆಯುವುದು ಗುಡುಗು ಎಂದು. ಆತ ಪಿಸುಗುಟ್ಟಿದರೂ ಪಕ್ಕದ ಬೀದಿಗೆ ಕೇಳುತ್ತದೆ.

ಅಮ್ಮ ಫೋನು ಹಿಡಿದಿದ್ದಳು, ಆದರೆ ಆ ಕಡೆಯವರು "ಹಲೋ, ಹಲೋ" ಎನ್ನುತ್ತಿದ್ದುದು ಅವಳ ಕಿವಿಗೆ ಬೀಳುತ್ತಿರಲಿಲ್ಲ.

ವೈರ್‌ಲೆಸ್ಸು ಗರಗರ ಎಂದಿತು. "ಮೇಡಂ, ಗುರುತಿನ ಹತ್ರಾನೇ ಇದೀವಿ," ಎಂದ ಗುಡುಗು. "ಇಲ್ಲಿ ಬಾಗಿಲೇ ಇಲ್ಲ! ಬರೀ ಗೋಡೆ!"

ಅತ್ತಿಗೆಯ ಕೈ ನಿಂತಿತು.

"ತಪ್ಪು ಮನೆಗೆ ಹೋಗಿದಾರೆ!" ಎಂದು ಅಮ್ಮ ಎದ್ದುನಿಂತಳು. "ಪಕ್ಕದ್ದು ನೋಡೋಕೆ ಹೇಳಿ. ಬಾಗಿಲ ಪಕ್ಕ ಒಂದು ಕಬ್ಬಿಣದ ಕೊಕ್ಕೆ ಇರುತ್ತೆ, ದೀಪದ್ದು."

ಮೇಲಧಿಕಾರಿಗಳು ಅದನ್ನೇ ವೈರ್‌ಲೆಸ್ಸಿನಲ್ಲಿ ಹೇಳಿದರು.

"ಕೊಕ್ಕೆ ಇದೆ ಸಾರ್. ಅದನ್ನೇ ಹಿಡ್ಕೊಂಡು ದೋಣಿ ನಿಲ್ಲಿಸಿದೀವಿ. ಬಾಗಿಲಿದ್ದ ಜಾಗಕ್ಕೆ ಇಟ್ಟಿಗೆ ಕಟ್ಟಿದಾರೆ. ಕೂಗಿದ್ರೂ ಯಾರೂ ಓಗೊಡ್ತಿಲ್ಲ. ಸೆಳೆತ ಜಾಸ್ತಿ ಆಗ್ತಿದೆ, ಇಲ್ಲಿ ಇನ್ನು ನಿಲ್ಲೋಕಾಗಲ್ಲ."

ಅಮ್ಮನ ಮೇಲೆ ಬಂದ ಸಿಟ್ಟು ಎಂಥದ್ದೆಂದರೆ, ಬಾಯಿ ತೆರೆದರೆ ಏನಾಡುತ್ತೇನೋ ಎಂದು ಹಲ್ಲು ಕಚ್ಚಿಕೊಂಡೆ. ಹಾಗೆ ನೋಡಿದರೆ ಅಂದು ಕಣ್ಣು ಮಿಟುಕಿಸಿ ಅತ್ತಿಗೆಯ ಬಾಯಿ ಮುಚ್ಚಿಸಿದವಳು ನಾನು. ಅತ್ತಿಗೆ ಮಾತ್ರ ಯಾರನ್ನೂ ದೂರುತ್ತ ಕೂರಲಿಲ್ಲ. ದೊಡ್ಡಮ್ಮನ ನಂಬರಿಗೆ ಫೋನು ಹಚ್ಚಿದಳು. ಅದು ರಿಂಗಾಗುತ್ತಿದ್ದ ಹಾಗೆಯೇ ಅಮ್ಮ ಕೈ ಚಾಚಿದಳು.

"ಕೊಡಿಲ್ಲಿ. ನಾನು ಮಾತಾಡ್ತೀನಿ."

ನಾನು ಹೋಗಿ ಪಕ್ಕದಲ್ಲಿ ನಿಂತೆ, ಆ ಕಡೆಯ ಮಾತು ನನಗೂ ಕೇಳುತ್ತಿತ್ತು. ಮೊದಲು ಕೇಳಿದ್ದು ಬರೀ ಉಸಿರು, ಏದುಸಿರು.

"ಅಕ್ಕಾ. ನಾನು ಕಣೇ."

ಉಸಿರು. ಮತ್ತೆ ಉಸಿರು. "ಏನೇ... ಬದುಕಿದೀಯಾ?"

"ಜಗಳ ಆಮೇಲೆ ಆಡೋಣ. ನಿನ್ನ ಮನೆ ಬಾಗಿಲು ಯಾವ ಕಡೆ?"

ಅದಕ್ಕೆ ದೊಡ್ಡಮ್ಮ ಹೇಳಿದ ಮಾತನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ.

"ಬಂದಿದ್ರೆ... ಗೊತ್ತಿರ್ತಿತ್ತು."

ಅಮ್ಮನ ಕಣ್ಣಲ್ಲಿ ಬಳಬಳ ನೀರು ಬಂತು. ಒರೆಸಿಕೊಳ್ಳಲಿಲ್ಲ. "ಹೌದು, ಬರ್ಲಿಲ್ಲ. ತಪ್ಪು ನಂದೇ. ಹೇಳು ಅಕ್ಕಾ, ಬಾಗಿಲು ಎಲ್ಲಿದೆ ಹೇಳು."

"ರಸ್ತೆ ಎತ್ತರ ಮಾಡಿದ್ರಲ್ಲ... ಮಳೆ ಬಂದ್ರೆ ನೀರು ಒಳಗೆ ನುಗ್ತಿತ್ತು. ಟೈಪಿಂಗ್ ಮಕ್ಕಳೂ ನಿಂತೋದ್ರು. ಆ ಬಾಗಿಲಿಂದ ಬರೋಳು... ನೀನೊಬ್ಳೇ ಇದ್ದೆ. ಮುಚ್ಚಿಸ್ಬಿಟ್ಟೆ. ಈಗ ಅಡುಗೆಮನೆ ಕಡೆ... ಹಿಂದಿನ ಗಲ್ಲಿಗೆ."

"ಅಡುಗೆಮನೆ ಕಡೆ, ಹಿಂದಿನ ಗಲ್ಲಿಗೆ!" ಎಂದು ಅಮ್ಮ ಕೂಗಿದಳು. ಆ ಕೂಗಿಗೆ ಮೇಲಧಿಕಾರಿಗಳೂ ಬೆಚ್ಚಿದರು.

ಇಲ್ಲೊಂದು ವಿಚಿತ್ರ ಹೇಳಬೇಕು. ಅತ್ತಿಗೆ ಮೊದಲು ಇಟ್ಟಿದ್ದ ಚಾವಣಿಯ ಚುಕ್ಕಿಯನ್ನೇ ನಂಬಿದ್ದರೆ ಕಂಪ್ಯೂಟರ್ ಹಿಂದಿನ ಗಲ್ಲಿಗೇ ಕಳಿಸುತ್ತಿತ್ತು. ಇಡೀ ಬಡಾವಣೆಯಲ್ಲಿ ಅದು ಅಕಸ್ಮಾತ್ತಾಗಿ ಸರಿಯಿದ್ದದ್ದು ಆ ಒಂದು ಮನೆಗೆ, ನಾವು ತಿದ್ದಿ ಕೆಡಿಸಿದ್ದೂ ಆ ಒಂದು ಮನೆಯನ್ನೇ.

ಅತ್ತಿಗೆ ನೀಲಿ ಗುರುತನ್ನು ಸರಕ್ಕನೆ ಎಳೆದು ಹಿಂದಕ್ಕೆ ಹಾಕಿದಳು. ಹಿಂದಿನ ಗಲ್ಲಿ ಸ್ವಲ್ಪ ಏರು, ಅಲ್ಲಿ ಮೊಣಕಾಲುದ್ದ ನೀರಷ್ಟೇ. ದೋಣಿಯೇ ಬೇಡ. ಆಂಬುಲೆನ್ಸು ದಿಬ್ಬದ ರಸ್ತೆಯಲ್ಲೇ ಇತ್ತು. ಆದರೆ ಗಲ್ಲಿಯ ಬಾಯಿಗೇ ಮರವೊಂದು ವಿದ್ಯುತ್ ತಂತಿ ಸಮೇತ ಉರುಳಿದೆ ಎಂದು ಬೆಳಿಗ್ಗೆಯೇ ಕರೆ ಬಂದಿತ್ತು, ಅತ್ತಿಗೆ ಅಲ್ಲಿ ಅಡ್ಡಗೆರೆ ಹಾಕಿದ್ದಳು. ನಾನು ಅದನ್ನು ನೋಡಿ, ಆಯಿತು, ಇನ್ನು ಮುಗಿಯಿತು ಎಂದುಕೊಂಡೆ. ಅತ್ತಿಗೆ ಪರದೆಗೆ ಮೂಗು ತಾಗುವಷ್ಟು ಬಾಗಿದಳು. ಬೆರಳು ದಿಬ್ಬದ ರಸ್ತೆಯ ಮೇಲೆ ಸರಿಯುತ್ತ ಬಂದು ಒಂದು ಚಾವಣಿಯ ಮೇಲೆ ನಿಂತಿತು. ಅದರ ದಿಬ್ಬದ ರಸ್ತೆಯ ಕಡೆಗೊಂದು ನೀಲಿ ಗುರುತು, ದೊಡ್ಡಮ್ಮನ ಗಲ್ಲಿಯ ಕಡೆಗೊಂದು.

"ಅತ್ತೆ, ಈ ಮನೆಗೆ ಎರಡು ಬಾಗಿಲು! ಯಾರದ್ದಿದು?"

"ಸಂಶಯದಮ್ಮಂದು!" ಎಂದಳು ಅಮ್ಮ.

ದೊಡ್ಡಮ್ಮನ ಲೈನು ನನ್ನ ಕೈಗೆ ಬಂತು. ಅಮ್ಮ ಇನ್ನೊಂದು ಫೋನಿನಲ್ಲಿ ಸಂಶಯದಮ್ಮನನ್ನು ಹಿಡಿದಳು. "ತಾಯೀ, ನಿಮ್ಮನೆ ಎರಡೂ ಬಾಗಿಲು ತೆಗೆದಿಡಿ. ಜನ ಬರ್ತಿದಾರೆ."

"ಈಗ ನಿಜವಾಗ್ಲೂ ಕದಿಯೋಕೆ ಬರ್ತಿದೀರಾ?"

"ಹೂಂ. ನಮ್ಮಕ್ಕನ್ನ," ಎಂದಳು ಅಮ್ಮ, ಅಳುತ್ತಲೇ.

ಅಷ್ಟೇ ಸಾಕಾಯಿತು. ಆ ಹೆಂಗಸು ಬಾಗಿಲು ತೆಗೆದದ್ದಲ್ಲದೆ, ಸೋಫಾವನ್ನು ಗೋಡೆಗೆ ಎಳೆದು ದಾರಿ ಮಾಡಿಕೊಟ್ಟಳಂತೆ. ಅವಳ ಮನೆಯ ನಡುವಿನಿಂದ ಸ್ಟ್ರೆಚರು ಹೋಯಿತು, ಹಿಂದಿನ ಗಲ್ಲಿಗೆ ಇಳಿಯಿತು. ಅತ್ತಿಗೆ ಫೋನಿನಲ್ಲಿ, "ಎಡಕ್ಕೆ ತಿರುಗಿ. ಗೋಡೆ ಪಕ್ಕಾನೇ ನಡೀರಿ. ಒಂದು ಮನೆ ಬಿಡಿ. ಅದೇ," ಎನ್ನುತ್ತಿದ್ದಳು. ನಾನು ಈ ಕಡೆ ದೊಡ್ಡಮ್ಮನ ಉಸಿರು ಕೇಳುತ್ತ ಕೂತಿದ್ದೆ. ಅದು ಗಿಡ್ಡವಾಗುತ್ತ ಬಂದಿತ್ತು. "ಬಂದ್ರು ದೊಡ್ಡಮ್ಮ, ಬಂದ್ರು," ಎನ್ನುತ್ತಿದ್ದೆ, ಬಂದರೋ ಇಲ್ಲವೋ ಗೊತ್ತಿಲ್ಲದೆ. ಕೊನೆಗೆ ಫೋನಿನೊಳಗೆ ಬಾಗಿಲು ಬಡಿದ ಸದ್ದು ಕೇಳಿತು. ಅಂಥ ಒಳ್ಳೆಯ ಸದ್ದನ್ನು ನಾನು ಇನ್ನೆಂದೂ ಕೇಳಿಲ್ಲ.

ದೊಡ್ಡಮ್ಮನನ್ನು ಕೆಳಗಿನ ಸಭಾಂಗಣಕ್ಕೆ ತಂದು, ಜನರೇಟರಿಗೆ ಯಂತ್ರ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದರು. ತುಟಿಗೆ ಬಣ್ಣ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಮೈಮೇಲೆ ನಾನು ಹೊಲಿದ ಕೋಟು! ಹೊಲಿಯುವವಳ ಕಣ್ಣು ಸುಮ್ಮನಿರುತ್ತದೆಯೇ, ಮೊದಲು ನೋಡಿದ್ದೇ ಕಂಕುಳನ್ನು. ಹೊಲಿಗೆ ಬಿಚ್ಚಿ, ಅದೇ ಬಣ್ಣದ ಒಂದು ತುಂಡು ಬಟ್ಟೆ ಸೇರಿಸಿ, ಅಂಕುಡೊಂಕು ಹೊಲಿಗೆಯಲ್ಲಿ ಅಗಲ ಮಾಡಿಕೊಂಡಿದ್ದಳು. ತೋಳಿನ ಅಂಚು ಸವೆದು ನೂಲು ಎದ್ದಿತ್ತು. ಇಷ್ಟು ವರ್ಷವೂ ಹಾಕಿಕೊಂಡೇ ಇದ್ದಾಳೆ ಎಂದು ತಿಳಿದು ನನಗೆ ನಗುವೂ ಬಂತು, ಅಳುವೂ ಬಂತು.

ಅಮ್ಮ ಒಂದು ಲೋಟ ಬಿಸಿನೀರು ಹಿಡಿದು ಬಂದು ಪಕ್ಕದಲ್ಲಿ ಕೂತಳು. ಯಾರು ಮೊದಲು ಬಾಯಿ ಬಿಡುತ್ತಾರೋ ಎಂದು ನಾನು ಕಾದೆ, ಅತ್ತಿಗೆ ಮಹಡಿ ಮೆಟ್ಟಿಲ ಮೇಲೆ ನಿಂತು ಕಾದಳು. ಕಡೆಗೆ ದೊಡ್ಡಮ್ಮನೇ ಅತ್ತಿಗೆಯನ್ನು ಕೈಸನ್ನೆ ಮಾಡಿ ಕರೆದಳು.

"ನೀನೇ ಅಲ್ವಾ ಆ ನಕ್ಷೆಯೋಳು? ದೋಣಿಯೋರು ಮೊದ್ಲು ಮುಂದಿನ ಗೋಡೆಗ್ಯಾಕೆ ಬಂದ್ರು? ಆ ಬಾಗಿಲು ಅಲ್ಲಿತ್ತು ಅಂತ ನಿನಗ್ಯಾರು ಹೇಳಿದ್ದು?"

ಅತ್ತಿಗೆ ಬಾಯಿ ತೆರೆಯುವ ಮೊದಲೇ ಅಮ್ಮ, "ನಾನೇ," ಎಂದಳು. ತಲೆ ತಗ್ಗಿಸಿದ್ದಳು. "ನಿನ್ನನ್ನ ಕೇಳ್ದೇ ಹೇಳ್ಬಿಟ್ಟೆ. ಬೈಯಿ, ಬೈಸ್ಕೋತೀನಿ."

ದೊಡ್ಡಮ್ಮ ಬೈಯಲಿಲ್ಲ. "ಕೊಕ್ಕೆ ಇರೋದೂ ನೀನೇ ಹೇಳಿದ್ಯಂತೆ," ಎಂದಳು. "ನೆನಪಿಟ್ಕೊಂಡಿದೀಯಲ್ಲೇ." ಅಷ್ಟು ಹೇಳಿ ಅಮ್ಮನ ಕೈಯಿಂದ ಲೋಟ ತೆಗೆದುಕೊಂಡಳು.

ನೀರಿಳಿದ ಮೇಲೆ ಅತ್ತಿಗೆ ಕಚೇರಿಯಲ್ಲಿ ಒಂದು ನಿಯಮ ಮಾಡಿಸಿದಳು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಎಲ್ಲ ಮನೆಗಳಿಗೂ ಫೋನು ಮಾಡಿ ಬಾಗಿಲು ಎಲ್ಲಿದೆ ಎಂದು ಹೊಸದಾಗಿ ಕೇಳಬೇಕು, ಗೊತ್ತಿರುವ ಮನೆಯಾದರೂ ಕೇಳಬೇಕು, ಬಂಧುಗಳ ಮನೆಯಾದರಂತೂ ಕೇಳಲೇಬೇಕು. ಮೇಲಧಿಕಾರಿಗಳು ಮರುಮಾತಾಡದೆ ಒಪ್ಪಿದರು. ಈಗ ಆ ಕೆಲಸಕ್ಕೆ ಆರು ಜನ ಬರುತ್ತಾರೆ, ಅವರಲ್ಲಿ ಸಂಶಯದಮ್ಮನೂ ಒಬ್ಬಳು. ಅವಳು ಪ್ರಶ್ನೆ ಕೇಳುವ ಜೋರಿಗೆ ಕಳ್ಳನೂ ತನ್ನ ಮನೆಯ ಬಾಗಿಲು ತೋರಿಸಿಬಿಟ್ಟಾನು. ಅತ್ತಿಗೆ ಇನ್ನೂ ಬೀದಿಯಲ್ಲಿ ದಾರಿ ತಪ್ಪುತ್ತಾಳೆ. ಮೊನ್ನೆ ದೊಡ್ಡಮ್ಮನ ಮನೆಗೆ ಹೊರಟು ಗ್ರಂಥಾಲಯ ತಲುಪಿದ್ದಳು.

ಅಮ್ಮ ಮೊದಲ ಕರೆ ಮಾಡುವುದು ಅಕ್ಕನಿಗೇ. ಬೆಳಿಗ್ಗೆ ತಾನೇ ಆ ಮನೆಯಲ್ಲಿ ಕೂತು ತಿಂಡಿ ತಿಂದು ಬಂದಿದ್ದರೂ ಸರಿ, ಮಧ್ಯಾಹ್ನ ಕನ್ನಡಕ ಏರಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಎಲ್ಲರನ್ನೂ ಕೇಳುವ ಹಾಗೆಯೇ ಕೇಳುತ್ತಾಳೆ.

"ಪುರಸಭೆಯಿಂದ ಮಾತಾಡ್ತಿದೀವಿ. ನಿಮ್ಮ ಮನೆ ಬಾಗಿಲು ಯಾವ ಕಡೆ ಇದೆ?"

ನಾನು ಹೊಲಿಗೆ ನಿಲ್ಲಿಸಿ ಕಿವಿಗೊಡುತ್ತೇನೆ. ದೊಡ್ಡಮ್ಮನ ಉಸಿರು ಕೇಳುತ್ತದೆ, ಯಂತ್ರದ ಗುಯ್ ಎನ್ನುವ ಸದ್ದು ಕೇಳುತ್ತದೆ. ಆಮೇಲೆ ಅವಳು ಪ್ರತಿ ಸಲವೂ ಹೇಳುವುದು ಒಂದೇ ಮಾತು.

"ಬೆಳಿಗ್ಗೆ ನೀನು ಬಂದಾಗ ಎಲ್ಲಿತ್ತೋ ಅಲ್ಲೇ ಇದೆ ಕಣೇ. ಬಾ."